ಕಾವಲಿಗೆ ಸವರಿದ್ದು

ಎಣ್ಣೆಯೋ ಬೆಣ್ಣೆಯೋ ತಾಗುವುದಕ್ಕೆ ಮೊದಲು, ಕಾದ ಕಬ್ಬಿಣಕ್ಕೆ ತನ್ನದೇ ಒಂದು ವಾಸನೆ ಇರುತ್ತದೆ. ಒಣ ವಾಸನೆ; ಸ್ವಲ್ಪ ಮಣ್ಣಿನದು, ಸ್ವಲ್ಪ ಹೊಗೆಯದು, ಸ್ವಲ್ಪ ನಿನ್ನೆ ಮೊನ್ನೆ ಅದರ ಮೇಲೆ ಬೆಂದದ್ದರದು. ಹೋದ ಬೇಸಿಗೆಯಲ್ಲಿ, ಫ್ರಾನ್ಸಿನ ಪಶ್ಚಿಮ ತುದಿಯಲ್ಲಿರುವ ಬ್ರಿಟನಿ ಎಂಬ ಸೀಮೆಯ ಒಂದು ಕಡಲ ಹಳ್ಳಿಯಲ್ಲಿ, ಕಲ್ಲಿನ ಮನೆಯೊಂದರ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಗ ನನಗೆ ಆ ವಾಸನೆ ಬಂತು. ಹೊರಗೆ ತಣ್ಣನೆಯ ಗಾಳಿ, ಪಾಚಿಯ ಘಾಟು, ಕಡಲಹಕ್ಕಿಗಳ ಜಗಳ. ಒಳಗೆ ಒಲೆಯ ಮೇಲೆ ಅಗಲವಾದ ಕಪ್ಪು ಕಾವಲಿ. ಒಂದು ಕ್ಷಣ ನಾನು ಬಸವನಗುಡಿಯ ನಮ್ಮ ಹಳೆಯ ಮನೆಯಲ್ಲಿ, ಅಜ್ಜಿಯ ಅಡುಗೆಮನೆಯ ಹೊಸಿಲಿನ ಈಚೆ ನಿಂತಿದ್ದೆ. ಪಕ್ಕದಲ್ಲಿದ್ದ ವನಜತ್ತೆಯ ಕಡೆ ತಿರುಗಿ ನೋಡಿದೆ. ಅವಳಿಗೂ ಅದೇ ವಾಸನೆ ಬಂದಿರಬೇಕು. ಆದರೆ ಅವಳು ಕಾವಲಿಯನ್ನು ನೋಡುತ್ತಿರಲಿಲ್ಲ. ಅದರ ಪಕ್ಕದ ಬಟ್ಟಲಲ್ಲಿದ್ದ ಬಿಳಿಯ ಮುದ್ದೆಯನ್ನೂ, ಅದರಲ್ಲಿ ಅದ್ದಿಟ್ಟ ಬಟ್ಟೆಯ ಉಂಡೆಯನ್ನೂ ನೋಡುತ್ತಿದ್ದಳು.

ಬಸವನಗುಡಿಯ ಆ ಮನೆ ಈಗ ಇಲ್ಲ. ಗಾಂಧಿಬಜಾರಿನ ಹಿಂದಿನ ಅಡ್ಡರಸ್ತೆಯೊಂದರಲ್ಲಿತ್ತು. ಮುಂದೆ ಮರದ ಪಟ್ಟಿಗಳ ಜಾಲರಿಯ ವರಾಂಡ, ಒಳಗೆ ಬೇಸಿಗೆಯಲ್ಲೂ ಅಂಗಾಲಿಗೆ ತಣ್ಣಗಿರುತ್ತಿದ್ದ ಕೆಂಪು ಗಾರೆಯ ನೆಲ, ನಡುಮನೆಯಲ್ಲಿ ತಾತ ಹೋದ ಮೇಲೆ ಯಾರೂ ಕೂರದ ಈಸಿಚೇರು, ಹಿತ್ತಲಲ್ಲಿ ಬಾವಿ, ಒಗೆಯುವ ಕಲ್ಲು, ಮುಳ್ಳಿನ ನಿಂಬೆಗಿಡ. ಈಗ ಅದೇ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಅದರಲ್ಲಿ ಒಂದು ಫ್ಲ್ಯಾಟು ವನಜತ್ತೆಯದು, ಎದುರಿನದು ನನ್ನದು. ಅಡುಗೆಮನೆ ಇದ್ದ ಕಡೆ ಕಾರುಗಳು ನಿಲ್ಲುತ್ತವೆ. ನಿಮ್ಮ ಬಾಲ್ಯದ ಮನೆಯೂ ಹೀಗೇ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ: ಜಾಗ ಅಲ್ಲೇ ಇರುವುದು ಸಮಾಧಾನ ಕೊಡುವುದಿಲ್ಲ. ಬೇರೆ ಊರಿಗೆ ಹೋಗಿದ್ದರೆ ಮನೆ ಹಿಂದೆ ಎಲ್ಲೋ ಇದೆ ಎಂದುಕೊಳ್ಳಬಹುದು. ಅದರ ಮೇಲೆಯೇ ಮಲಗಿ ಏಳುವವರಿಗೆ ಆ ಅವಕಾಶವಿಲ್ಲ.

ಆ ಅಡುಗೆಮನೆ ಅಜ್ಜಿಯ ರಾಜ್ಯ. ಒದ್ದೆ ಸೀರೆ ಒಣಗಿಸಿ ಮಡಿಯುಟ್ಟು ಅವಳು ಒಳಗೆ ಹೋದಳೆಂದರೆ ನಾವು ಮಕ್ಕಳು ಹೊಸಿಲು ದಾಟುವಂತಿರಲಿಲ್ಲ. ಒಂದೇ ಒಂದು ಕೆಲಸ ನನ್ನದಾಗಿತ್ತು. ದೋಸೆಯ ದಿನ ಸ್ನಾನ ಮಾಡಿ, ಬದನೆಕಾಯಿಯ ತೊಟ್ಟಿನ ಕಡೆಯ ತುಂಡನ್ನು ಕೊಯ್ದು, ಹೊಸಿಲಿನ ಮೇಲೆ ಇಡುವುದು. ಅಜ್ಜಿ ಅದನ್ನು ತೊಟ್ಟು ಹಿಡಿದು ಎತ್ತಿಕೊಂಡು, ಎಣ್ಣೆಯಲ್ಲಿ ಅದ್ದಿ, ಕಾವಲಿಯ ಮೇಲೆ ಸುತ್ತಿಸುತ್ತಿದ್ದಳು. ಚುಂಯ್ ಎನ್ನುವ ಸದ್ದು ಬರುತ್ತಿತ್ತು. ಚಾತುರ್ಮಾಸ್ಯದಲ್ಲಿ ತರಕಾರಿ ಬಿಟ್ಟಾಗ ಬದನೆಯ ಬದಲು ಬಾಳೆಎಲೆಯ ದಂಟು. ಈರುಳ್ಳಿಯನ್ನು ಅರ್ಧ ಮಾಡಿ ಸವರುವವರ ಮನೆಯ ದೋಸೆಯನ್ನು ಅಜ್ಜಿ ತಿನ್ನುತ್ತಿರಲಿಲ್ಲ. ಹಿಟ್ಟು ಯಾರು ರುಬ್ಬಿದರು ಎಂದು ಕೇಳುವುದಕ್ಕೂ ಮೊದಲು ಕೇಳುತ್ತಿದ್ದುದು ಒಂದೇ: "ಕಾವಲಿಗೆ ಏನು ಸವರ್ತೀರಿ?"

ವನಜತ್ತೆ ನನ್ನ ಅಪ್ಪನ ತಂಗಿ. ಹತ್ತಿರದ ಕಾಲೇಜಿನಲ್ಲಿ ಫ್ರೆಂಚ್ ಕಲಿಸುತ್ತಿದ್ದಳು. ಮದುವೆಯಾಗಲಿಲ್ಲ, ಆಗಬೇಕೆಂದು ಅನ್ನಿಸಲಿಲ್ಲ ಎನ್ನುತ್ತಿದ್ದಳು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಅವಳಿಗೆ ಒಂದು ವಿದ್ಯಾರ್ಥಿವೇತನ ಸಿಕ್ಕಿತು. ಒಂದು ಬೇಸಿಗೆಯ ರಜೆ ಫ್ರಾನ್ಸಿನಲ್ಲಿ. ಬೆಳಗ್ಗೆ ಪಟ್ಟಣದಲ್ಲಿ ತರಗತಿ, ಉಳಿದದ್ದು ಬಸ್ಸಿನ ದೂರದ ಹಳ್ಳಿಯಲ್ಲಿ, ಮೀನುಗಾರರೊಬ್ಬರ ಮನೆಯಲ್ಲಿ. ಮನೆಯೊಡತಿಯನ್ನು ಅವಳು ಮದಾಮ್ ಎಂದೇ ಕರೆಯುತ್ತಿದ್ದಳು. ಹೋಗುವಾಗ ಅಜ್ಜಿ ಅತ್ತಳು, ಆದರೆ ಬೇಡವೆನ್ನಲಿಲ್ಲ. ತಿರುಗಿ ಬಂದ ದಿನ ಅತ್ತೆ ಬಾವಿಕಟ್ಟೆಯಲ್ಲಿ ತಲೆಗೆ ನೀರು ಸುರಿದುಕೊಂಡು, ಒದ್ದೆ ಕೂದಲಲ್ಲಿ ಬಂದು ಅಡುಗೆಮನೆಯ ಹೊಸಿಲಿನ ಈಚೆ ನಿಂತಳು. ಒಳಗಿನಿಂದ ಅಜ್ಜಿ ಆಚೆಗೆ ನೋಡದೆ ವಿಚಾರಣೆ ಶುರುಮಾಡಿದಳು.

"ಏನು ತಿಂತಿದ್ದೆ?"

"ದೋಸೆ."

ಚಿಕ್ಕಪ್ಪ ನಡುಮನೆಯಿಂದ ನಕ್ಕ. "ವಿಮಾನದಲ್ಲಿ ಹೋಗಿದ್ದೋ, ಬಸ್ ಹತ್ತಿ ಮಲ್ಲೇಶ್ವರಕ್ಕೆ ಹೋಗಿದ್ದೋ?"

"ನಿಜ ಕಣೋ. ಕಪ್ಪು ದೋಸೆ. ರಾಗಿ ದೋಸೆ ಥರಾನೇ ಇರತ್ತೆ, ರಾಗಿ ಅಲ್ಲ. ಕೋನಕೋನ ಇರೋ ಒಂದು ಕಾಳು. ಅದರ ಹಿಟ್ಟು, ನೀರು, ಉಪ್ಪು, ಅಷ್ಟೇ. ಮೇಲೆ ಬೆಣ್ಣೆ."

"ಮೊಟ್ಟೆ?" ಅಂದಳು ಅಜ್ಜಿ.

"ಹಾಕ್ಬೇಡಿ ಅಂದಿದ್ದೆ."

"ನೀರು?"

"ಬಾವೀದು."

"ಮೀನು ಹಿಡಿಯೋರ ಮನೆ ಅಂತೀಯ. ಒಂದು ದಿನಾನೂ ತಪ್ಪಲಿಲ್ವಾ?"

"ಒಂದಿನ ದೋಸೆ ಒಲೆ ಹತ್ತಲಿಲ್ಲ ಅಂದ್ರು ಮದಾಮ್. ಅವತ್ತು ಬರೀ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ."

"ಪಾಪ, ಸೌದೆ ಹಸಿ ಇತ್ತೇನೋ," ಅಂದಳು ಅಜ್ಜಿ. ಆಗಲೇ ಅವಳ ದನಿ ಇಳಿದಿತ್ತು. "ಅಮ್ಮ, ನೀನು ಪೊಲೀಸ್ ಇಲಾಖೆ ಸೇರಬೇಕಾಗಿತ್ತು," ಅಂದ ಚಿಕ್ಕಪ್ಪ. ಅಜ್ಜಿ ದೇವರ ಮುಂದಿನ ದೀಪವನ್ನು ತಂದು ಹೊಸಿಲಿನ ಮೇಲಿಟ್ಟಳು. ಅತ್ತೆ ಅದನ್ನು ಮುಟ್ಟಿ, ತಿನ್ನಬಾರದ್ದು ಏನನ್ನೂ ತಿಂದಿಲ್ಲ ಎಂದಳು. "ಹಾಗಾದ್ರೆ ಒಳಗೆ ಬಾ," ಎಂದಳು ಅಜ್ಜಿ. ಮಾರನೆಯ ದಿನ ಬದನೆಯ ತೊಟ್ಟನ್ನು ನಾನು ಹೊಸಿಲಿನ ಮೇಲಿಟ್ಟಾಗ ಎತ್ತಿಕೊಂಡ ಕೈ ಅತ್ತೆಯದು. ಅವಳು ಹುಯ್ದ ದೋಸೆಯನ್ನು ಅಜ್ಜಿ ತಿಂದಳು. ಎಲ್ಲವನ್ನೂ ಕೇಳಿದ ಅಜ್ಜಿ, ಊರವರನ್ನೆಲ್ಲ ಕೇಳುತ್ತಿದ್ದ ಆ ಒಂದು ಪ್ರಶ್ನೆಯನ್ನು ಮಗಳಿಗೆ ಕೇಳಲಿಲ್ಲ. ಕಾವಲಿಗೆ ಬದನೆ ಬಾಳೆಯಂಥದ್ದಲ್ಲದಿದ್ದರೆ ಈರುಳ್ಳಿ. ಅದರಾಚೆ ಮೂರನೆಯದೊಂದು ಇರಬಹುದೆಂದು ಅವಳ ಲೋಕದಲ್ಲಿ ಯಾರಿಗೂ ಹೊಳೆದಿರಲಾರದು. ಈರುಳ್ಳಿಯಾಗಿದ್ದರೂ ಪರವಾಗಿಲ್ಲ ಎಂದು ಮಗಳ ಮಟ್ಟಿಗೆ ಬಿಟ್ಟುಕೊಟ್ಟಳೋ ಏನೋ.

ಆ ಮಳೆಗಾಲ ಪೂರ್ತಿ ನಮಗೆ ಆ ಹಳ್ಳಿಯದೇ ಕಥೆ. ಅಲ್ಲಿ ಸಮುದ್ರ ದಿನಾ ಎದ್ದು ಹೋಗಿಬಿಡುತ್ತದೆ, ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿ ಮಲಗಿರುತ್ತವೆ, ಸಂಜೆಗೆ ನೀರು ಸದ್ದಿಲ್ಲದೆ ಬಂದು ಅವನ್ನು ಎತ್ತಿ ನಿಲ್ಲಿಸುತ್ತದೆ ಎನ್ನುತ್ತಿದ್ದಳು ಅತ್ತೆ. "ಎದ್ದು ಎಲ್ಲಿಗೆ ಹೋಗತ್ತೆ?" ಎಂದು ಅಜ್ಜಿ ಕೇಳಿದರೆ, "ಗಾಂಧಿಬಜಾರಿಗೆ, ಹೂವು ತರೋಕೆ," ಎನ್ನುತ್ತಿದ್ದ ಚಿಕ್ಕಪ್ಪ. ಸಮುದ್ರವನ್ನೇ ನೋಡದ ನಾನು, ಹಿತ್ತಲಿನ ಬಾವಿಯ ನೀರು ಬೆಳಗ್ಗೆ ಇಳಿದು ಸಂಜೆ ಏರುತ್ತದೆಯೇ ಎಂದು ಬಗ್ಗಿ ನೋಡಿ ಬೈಸಿಕೊಂಡಿದ್ದೆ. ಮದಾಮ್‌ಗೆ ನನ್ನಷ್ಟೇ ವಯಸ್ಸಿನ ಮಗಳಿದ್ದಾಳೆ, ಆನಿಕ್ ಎಂದು ಹೆಸರು, ಸದಾ ಮುಖ ಊದಿಸಿಕೊಂಡಿರುತ್ತಿದ್ದಳು ಎಂದೂ ಅತ್ತೆ ಹೇಳಿದ್ದಳು. "ನಿನ್ನ ಥರಾನೇ," ಎನ್ನುವುದನ್ನು ಮರೆಯುತ್ತಿರಲಿಲ್ಲ.

ಬೀದಿ ಮಾತ್ರ ಅಜ್ಜಿಯಷ್ಟು ಸುಲಭವಾಗಿ ಒಪ್ಪಲಿಲ್ಲ. ಆ ವರ್ಷವೇ ಚಾಮರಾಜಪೇಟೆಯ ಛತ್ರವೊಂದರಲ್ಲಿ ಬಂಧುಗಳ ಮದುವೆ. ಊಟದ ಪಂಕ್ತಿಯಲ್ಲಿ ಅಜ್ಜಿಯ ಪಕ್ಕ ನಾನು ಕೂತಿದ್ದೆ. ಅತ್ತೆ ತುಪ್ಪ ಬಡಿಸುತ್ತ ಬಂದಳು. ನಮ್ಮ ಆಚೆ ಕೂತಿದ್ದ ಹಿರಿಯ ಹೆಂಗಸು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಬೇಡಮ್ಮ, ಬೇರೆಯವರು ಬಡಿಸ್ಲಿ," ಅಂದರು. ಮೆಲ್ಲಗೇ ಹೇಳಿದರು, ಆದರೆ ಪಂಕ್ತಿಯಲ್ಲಿ ಮೆಲ್ಲಗೆ ಹೇಳಿದ್ದೇ ದೂರ ಕೇಳಿಸುವುದು. ಅತ್ತೆ ತುಪ್ಪದ ಮಿಳ್ಳೆ ಹಿಡಿದು ಹಾಗೇ ನಿಂತಳು. ಅಜ್ಜಿ, ಇನ್ನೂ ಒಂದು ತುತ್ತೂ ಮುಟ್ಟದವಳು, ತನ್ನ ಎಲೆಯನ್ನು ಮಡಿಸಿದಳು. "ನನ್ನ ಮಗಳು ದೀಪ ಮುಟ್ಟಿ ಹೇಳಿದಾಳೆ. ಅವಳ ಕೈಯಿಂದ ಬೇಡ ಅನ್ನೋರ ಸಾಲಲ್ಲಿ ನನಗೂ ಊಟ ಬೇಡ," ಅಂದು ಎದ್ದಳು. ನನ್ನ ಎಲೆಯಲ್ಲಿ ಆಗಷ್ಟೇ ಚಿರೋಟಿ ಬಿದ್ದಿತ್ತು. ಅದನ್ನು ಬಿಟ್ಟು ಏಳಬೇಕಾದ್ದಕ್ಕೆ ನನಗೆ ಅಳು ಬಂತು. ಮನೆಗೆ ಬಂದು ಅಜ್ಜಿ ಕೈಕಾಲು ತೊಳೆದು, "ವನಜಾ, ಹೊಟ್ಟೆ ಹಸೀತಿದೆ ಕಣೇ, ಅವಲಕ್ಕಿ ಕಲಸು," ಅಂದಳು. ಅಷ್ಟೇ. ಆ ಮಾತು ಮತ್ತೆ ಮನೆಯಲ್ಲಿ ಬರಲಿಲ್ಲ. ಅಜ್ಜಿಗೆ ಕೈ ನಡುಗಲು ಶುರುವಾದ ಮೇಲೆ ಮಡಿಯ ಅಡುಗೆಯೆಲ್ಲ ಅತ್ತೆಯದಾಯಿತು. ಅಜ್ಜಿ ಹೋದ ಮೇಲೆ ಪ್ರತಿ ವರ್ಷ ಅವಳ ಶ್ರಾದ್ಧದ ಅಡುಗೆಯನ್ನೂ ಅತ್ತೆಯೇ ಮಾಡುತ್ತಿದ್ದಳು. ಮಂತ್ರ ಚಿಕ್ಕಪ್ಪನದು, ವಡೆ ಪಾಯಸ ಅತ್ತೆಯದು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಬದುಕಿಗೆ ಮೂರನೆಯ ಸಾಧ್ಯತೆ ಬಂದದ್ದು ಫೋನಿನಲ್ಲಿ. ಅತ್ತೆಗೆ ಈಗ ಎಪ್ಪತ್ತು ದಾಟಿದೆ. ಮಧ್ಯಾಹ್ನ ಊಟವಾದ ಮೇಲೆ ಫ್ರೆಂಚ್ ಮರೆಯಬಾರದೆಂದು ವಿಡಿಯೊ ನೋಡುತ್ತಾಳೆ. ಒಂದು ದಿನ ಅದರಲ್ಲಿ ಅವಳ ಕಪ್ಪು ದೋಸೆ ಬಂತು. ನನ್ನನ್ನೂ ಕೂಗಿ ಕರೆದಳು. ವಯಸ್ಸಾದ ಹೆಂಗಸೊಬ್ಬಳು ಕಾವಲಿ ಕಾಯಿಸಿ, ಬಟ್ಟೆಯ ಉಂಡೆಯಿಂದ ಏನನ್ನೋ ಸವರಿದಳು. ಅತ್ತೆಯ ಕೈಲಿದ್ದ ಫೋನು ಹಾಗೇ ಮಡಿಲಿಗೆ ಬಂತು.

"ಪುಟ್ಟಿ, ಅದು ಹಂದಿ ಕೊಬ್ಬಂತೆ ಕಣೇ. ಕೆಲವರು ಮೊಟ್ಟೆಯ ಹಳದೀನೂ ಕಲಸ್ತಾರಂತೆ. ಅಲ್ಲಿ ಎಲ್ಲರೂ ಸವರೋದು ಅದನ್ನೇ ಅಂತೆ."

ಗೊತ್ತಿಲ್ಲದೆ ತಿಂದದ್ದಕ್ಕೆ ದೋಷವಿಲ್ಲ ಎಂದು ನಾನು ಎಲ್ಲರೂ ಹೇಳುವ ಮಾತನ್ನೇ ಹೇಳಿದೆ. ನನಗೆ ಇಂಥದರಲ್ಲಿ ನಂಬಿಕೆಯಿಲ್ಲ, ಅತ್ತೆಗೂ ಅಷ್ಟೇನಿಲ್ಲ. ಅವಳು ತಲೆಯಾಡಿಸಿದಳು. "ದೋಷದ ಮಾತಲ್ಲ. ಗೊತ್ತಿಲ್ಲದ್ದನ್ನ ಗೊತ್ತು ಅಂತ ದೀಪ ಮುಟ್ಟಿ ಹೇಳಿದೆ. ಅಮ್ಮ ಅದನ್ನ ನಂಬಿ ಎಲೆ ಮಡಿಸಿ ಎದ್ದಳು. ಅಷ್ಟು ಜನರ ಮುಂದೆ." ಆ ವರ್ಷ ಶ್ರಾದ್ಧ ಬಂದಾಗ ಅವಳು, ಸೊಂಟ ನೋವು, ಅಡುಗೆಯವರನ್ನು ಕರೆಸಿ ಎಂದಳು. ಮರುವರ್ಷವೂ ಅದೇ ಸೊಂಟ ನೋವು. ದೋಸೆಯ ಕಾವಲಿ ಮೇಲಿನ ಶೆಲ್ಫು ಸೇರಿತು. ಚಿಕ್ಕಪ್ಪನಿಗೆ ಕಾರಣ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಂಡಳು. ಆ ಬೇಸಿಗೆ ಮದಾಮ್ ಮನೆಯ ಹಿಂಬದಿಯ ಕೊಟ್ಟಿಗೆಯಲ್ಲಿ, ಅತ್ತೆ ಪಟ್ಟಣದ ತರಗತಿಯಲ್ಲಿರುವಾಗ ದೋಸೆ ಹುಯ್ದು, ಬಟ್ಟೆ ಮುಚ್ಚಿ ಮೇಜಿನ ಮೇಲೆ ಇಟ್ಟಿರುತ್ತಿದ್ದರಂತೆ. ಅತ್ತೆ ಅವರ ಕಾವಲಿಯನ್ನೇ ನೋಡಿರಲಿಲ್ಲ.

ಪತ್ರಿಕೆಯ ಡೆಸ್ಕಿನಲ್ಲಿ ಬದುಕು ಕಳೆದು ನಿವೃತ್ತಳಾದ ನನಗೆ ಅನುಮಾನವೊಂದನ್ನು ಹಾಗೇ ಬಿಟ್ಟು ಅಭ್ಯಾಸವಿಲ್ಲ. ಹಳ್ಳಿಯ ಹೆಸರು ಅತ್ತೆಗೆ ನೆನಪಿತ್ತು. ವಿಚಾರಿಸಿದರೆ, ಮದಾಮ್ ತೀರಿಕೊಂಡು ಬಹಳ ಕಾಲವಾಗಿತ್ತು. ಆನಿಕ್ ಅದೇ ಮನೆಯಲ್ಲಿದ್ದು, ಮಹಡಿಯ ಕೋಣೆಗಳನ್ನು ರಜೆಗೆ ಬರುವವರಿಗೆ ಕೊಡುತ್ತಿದ್ದಳು. ಸಮುದ್ರ ಎದ್ದು ಹೋಗುವುದನ್ನು ನನಗೆ ತೋರಿಸು, ಸಾಕು ಎಂದು ಹೇಳಿ ಅತ್ತೆಯನ್ನು ಹೊರಡಿಸಿದೆ. ಅವಳಿಗೆ ನನ್ನ ಉದ್ದೇಶ ಗೊತ್ತಿತ್ತು. ವಿಮಾನದಲ್ಲೇ ಎಚ್ಚರಿಸಿದಳು. "ನೀನು ಅಲ್ಲಿ ಏನೂ ಕೇಳಕೂಡದು. ಕೇಳಿದ್ರೆ ಉತ್ತರ ಬರತ್ತೆ."

ಹೋದ ದಿನವೇ, ಹಳೆಯ ಅತಿಥಿಗೆಂದು ಆನಿಕ್ ದೋಸೆಗೆ ಕಾವಲಿ ಇಟ್ಟಳು. ಗ್ಯಾಲೆಟ್ ಎನ್ನುತ್ತಾರೆ ಅದಕ್ಕೆ. ಆ ಬಿಳಿಯ ಮುದ್ದೆಯನ್ನು ನೋಡಿದ ಅತ್ತೆ, ಪ್ರಯಾಣದಲ್ಲಿ ಹೊಟ್ಟೆ ಕೆಟ್ಟಿದೆ ಎಂದಳು. ಮರುದಿನ ಹಸಿವಿಲ್ಲ ಎಂದಳು. ಬ್ರೆಡ್ಡು, ಉಪ್ಪು ಬೆರೆತ ಬೆಣ್ಣೆ, ಸ್ಟ್ರಾಬೆರಿ, ಬೇಯಿಸಿದ ಆಲೂಗಡ್ಡೆಯಲ್ಲೇ ದಿನಗಳು ಹೋದವು. ಸಮುದ್ರ ಮಾತ್ರ ಕಥೆಯಲ್ಲಿದ್ದಂತೆಯೇ ಇತ್ತು. ಬೆಳಗ್ಗೆ ಕಿಟಕಿಯ ಕೆಳಗಿದ್ದ ನೀರು ಮಧ್ಯಾಹ್ನಕ್ಕೆ ದೂರದಲ್ಲಿ ಒಂದು ಗೆರೆ. ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿ ಮಲಗಿದ್ದವು. ಅಜ್ಜಿಗೆ ಇದನ್ನು ಯಾರಾದರೂ ಹೇಳಬೇಕು ಎನ್ನಿಸಿತು. ಆಮೇಲೆ, ಅಜ್ಜಿ ಇದನ್ನೂ ಅತ್ತೆಯ ಮಾತಿನ ಮೇಲೆ ನಂಬಿದ್ದಳು ಎನ್ನುವುದು ನೆನಪಾಯಿತು.

ಹೊರಡುವ ಹಿಂದಿನ ದಿನ ನೀರು ಇಳಿದಿದ್ದಾಗ ನಾವು ಮೂವರೂ ದಡದ ಕಲ್ಲುಗೋಡೆಯ ಮೇಲೆ ಕೂತಿದ್ದೆವು. ನನಗೆ ಫ್ರೆಂಚ್ ಬರುವುದಿಲ್ಲ. ಅತ್ತೆ ಹೇಳಿದ್ದನ್ನು ಕೇಳಬೇಕು. ಬಿಸಿಲಿಗೆ ಕೆಂಪಾದ ಮುಖದ ಆನಿಕ್ ಸ್ವಲ್ಪ ಮುನಿಸಿನಲ್ಲೇ ಏನೋ ಅಂದಳು. ಅತ್ತೆ ನಕ್ಕು ನನಗೆ ಹೇಳಿದಳು: "ಅವರಮ್ಮನ ಕೈಯದಾದ್ರೆ ತಿಂತಿದ್ದೆ, ತನ್ನ ಕೈಯದು ಯಾಕೆ ಸೇರಲ್ಲ ಅಂತ ಕೇಳ್ತಿದಾಳೆ." ಆನಿಕ್ ಮತ್ತೇನೋ ಹೇಳಿ, ಎರಡೂ ಅಂಗೈಗಳನ್ನು ಒಂದರ ಮೇಲೊಂದು ಉಜ್ಜಿ ತೋರಿಸಿದಳು. ಅತ್ತೆಯ ನಗು ನಿಂತಿತು. ಅವಳು ಏನೋ ಕೇಳಿದಳು. ಆನಿಕ್ ಈಗ ಜೋರಾಗಿ, ಕೈ ಆಡಿಸುತ್ತ, ಮರಳಿನ ಕಡೆ ತೋರಿಸುತ್ತ ಬಹಳ ಹೊತ್ತು ಹೇಳಿದಳು.

"ಏನಂತೆ?" ಎಂದೆ.

"ತಾಳು."

"ಅತ್ತೆ, ಏನಂತೆ ಹೇಳೇ."

"ತಾಳು ಅಂದ್ನಲ್ಲ!"

ಆಮೇಲೆ ಹೇಳಿದಳು. ಆ ಬೇಸಿಗೆ ಪೂರ್ತಿ ಅತ್ತೆಯನ್ನು ಕಂಡರೆ ಆನಿಕ್‌ಗೆ ಆಗುತ್ತಿರಲಿಲ್ಲವಂತೆ. ಅತ್ತೆ ಬಸ್ಸಿಗೆ ಹೊರಟ ಕೂಡಲೇ ಅವಳಮ್ಮ ಕಾವಲಿಯನ್ನು ಅವಳ ಕೈಗೆ ಕೊಟ್ಟು ದಡಕ್ಕೆ ಅಟ್ಟುತ್ತಿದ್ದಳಂತೆ. ಮರಳು ಹಾಕಿ ಉಜ್ಜಿ, ಕೊಬ್ಬಿನ ಜಿಡ್ಡೆಲ್ಲ ಹೋಗುವವರೆಗೆ ಸಮುದ್ರದ ನೀರಲ್ಲಿ ತೊಳೆದು ತರಬೇಕು. ಆ ಕಾವಲಿಗೆ ಬರೀ ಬೆಣ್ಣೆ ಸವರಿ ಮೊದಲು ಅತ್ತೆಯ ಪಾಲಿನದನ್ನು ಹುಯ್ದಿಟ್ಟು, ಆಮೇಲೆ ಮನೆಯವರಿಗೆ ಎಂದಿನಂತೆ. ಮಿಕ್ಕ ಮಕ್ಕಳು ಆಡುತ್ತಿದ್ದರೆ ಇವಳು ಕಾವಲಿ ಉಜ್ಜಬೇಕು. ಬೆರಳ ತುದಿ ಸುಲಿದು ಉಪ್ಪುನೀರು ಉರಿಯುತ್ತಿತ್ತಂತೆ. "ಈಗ್ಲೂ ಹಾಗೇ ಉಜ್ಜಿಕೊಡ್ಬೇಕಾ ನಿಮಗೆ, ಅಂತ ಕೇಳ್ತಿದಾಳೆ," ಎಂದಳು ಅತ್ತೆ.

ಮೆಚ್ಚಿಸಲು ಹೇಳಿದ ಮಾತನ್ನು ನಾನು ಬೇಗ ನಂಬುವವಳಲ್ಲ. ಆದರೆ ಇದು ದೂರು. ಇಷ್ಟು ವರ್ಷ ಒಳಗಿಟ್ಟುಕೊಂಡ ಮಗುವಿನ ದೂರನ್ನು ಯಾರೂ ಕಟ್ಟಿ ಹೇಳುವುದಿಲ್ಲ. ಆದರೂ ಹಳೆಯ ಅಭ್ಯಾಸ. "ಒಂದು ದಿನವೂ ತಪ್ಪಲಿಲ್ವಾ ಕೇಳು," ಎಂದೆ.

"ಅಮ್ಮನ ಮೊಮ್ಮಗಳೇ ನೀನು," ಎಂದು ಗೊಣಗಿದರೂ ಅತ್ತೆ ಕೇಳಿದಳು. ಆನಿಕ್ ತನ್ನ ಕೆನ್ನೆ ಮುಟ್ಟಿಕೊಂಡು ನಕ್ಕಳು. ಒಂದು ದಿನ ತಪ್ಪಿಸಿಕೊಂಡು ಆಡಲು ಹೋಗಿದ್ದಳಂತೆ. ಅಮ್ಮನ ಕೈಯಿಂದ ಕಪಾಳಕ್ಕೆ ಬಿತ್ತಂತೆ. ತೊಳೆಯದ ಕಾವಲಿಯಲ್ಲಿ ಹುಯ್ಯಲು ಮನಸ್ಸಾಗದೆ, ಆ ದಿನ ಅವಳಮ್ಮ ಅತ್ತೆಗೆ ಬರೀ ಬ್ರೆಡ್ಡು, ಆಲೂಗಡ್ಡೆ ಕೊಟ್ಟಳಂತೆ. ಒಲೆ ಹತ್ತಲಿಲ್ಲ ಎಂದು ಹೇಳಿದಳಂತೆ.

ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸೌದೆ ಹಸಿ ಇತ್ತೇನೋ ಎಂದ ಅಜ್ಜಿಯ ದನಿ ನನಗೆ ಕೇಳಿಸಿತು. ಅವಳಿಗೂ ಕೇಳಿಸಿರಬೇಕು.

ಅವಳಮ್ಮ ಯಾಕೆ ಅಷ್ಟು ಮಾಡಿದಳು ಎಂದು ಅತ್ತೆ ಕೊನೆಗೆ ಕೇಳಿದಳು. ಅದರಲ್ಲೇನು ವಿಶೇಷ ಎನ್ನುವಂತೆ ಆನಿಕ್ ಭುಜ ಕುಣಿಸಿದಳು. ಹಳೆಯ ಕಾಲದ ಕ್ರೈಸ್ತರು ಶುಕ್ರವಾರ ಮಾಂಸ ಮುಟ್ಟುವುದಿಲ್ಲ. ಅವಳಮ್ಮ ಇನ್ನೂ ಕಟ್ಟುನಿಟ್ಟು, ಶುಕ್ರವಾರ ಕೊಬ್ಬೂ ಆಗದು. ಗುರುವಾರ ಸಂಜೆಯೇ ಕಾವಲಿಯನ್ನು ಮರಳಲ್ಲಿ ಉಜ್ಜುವುದು ಆ ಮನೆಯ ವಾಡಿಕೆ. ಅತ್ತೆ ಬಂದ ಮೇಲೆ ಇದು ದಿನಾ ಯಾಕೆ ಎಂದು ಮಗಳು ಜಗಳ ತೆಗೆದಾಗ ಅವಳಮ್ಮ ಹೇಳಿದ್ದಂತೆ: "ಆ ಹುಡುಗಿಗೆ ದಿನಾ ಶುಕ್ರವಾರ."

ಅತ್ತೆ ಅದನ್ನು ನನಗೆ ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖ ನಗುತ್ತಿತ್ತು. ಏನು ತಪ್ಪಾಯಿತೆಂದು ಆನಿಕ್ ಗಾಬರಿಯಾದಳು. ಅತ್ತೆ ಅವಳ ಕೈ ಹಿಡಿದು, ಬೆರಳ ತುದಿಗಳನ್ನು ತಿರುಗಿಸಿ ನೋಡಿದಳು, ಗಾಯ ಇನ್ನೂ ಅಲ್ಲಿರಬಹುದೆಂಬಂತೆ. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಕಾವಲಿ ತಾ ಎಂದಳು. ಈ ಸಲ ನಾನು ಉಜ್ಜುತ್ತೇನೆ ಎಂದಳು. ವಯಸ್ಸಾದ ಮೂವರು ಹೆಂಗಸರು ಮರಳಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಾವಲಿ ಉಜ್ಜುವುದನ್ನು ನೋಡಿ ನಾಯಿ ಕರೆದುಕೊಂಡು ಹೋಗುತ್ತಿದ್ದವನೊಬ್ಬ ನಿಂತು ಏನೋ ಕೇಳಿದ. ಇವತ್ತು ಶುಕ್ರವಾರ ಎಂದಳಂತೆ ಆನಿಕ್. ಅವತ್ತು ಮಂಗಳವಾರ. ಆ ಸಂಜೆ ಅತ್ತೆ ಗ್ಯಾಲೆಟ್‌ಗಳನ್ನು ಬೆಣ್ಣೆ ಸುರಿಯುವಂತೆ ತಿಂದಳು, ಮತ್ತೊಂದು ಹಾಕಿಸಿಕೊಂಡಳು. ಕಿಟಕಿಯ ಕೆಳಗೆ ನೀರು ಬಂದು ದೋಣಿಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿತ್ತು.

ಊರಿಗೆ ಬಂದು ಕೆಲವು ವಾರಗಳಾಗಿದ್ದವು. ಒಂದು ಬೆಳಗ್ಗೆ ಎದುರು ಫ್ಲ್ಯಾಟಿನಿಂದ ಆ ಒಣ ವಾಸನೆ ಬಂತು. ಬಾಗಿಲು ತೆರೆದಿತ್ತು. ಶೆಲ್ಫಿನಿಂದ ಇಳಿದ ಕಾವಲಿ ಒಲೆಯ ಮೇಲೆ ಕಾಯುತ್ತಿತ್ತು. "ಪುಟ್ಟಿ, ಸ್ನಾನ ಆಯ್ತಾ? ಆ ಬದನೆಕಾಯಿ ತೊಟ್ಟು ಕೊಯ್ದುಕೊಡು," ಎಂದಳು ಅತ್ತೆ ತಿರುಗಿ ನೋಡದೆ. ಕೊಯ್ದೆ. ಆ ಅಡುಗೆಮನೆಗೆ ಹೊಸಿಲೇ ಇಲ್ಲ. ಎಲ್ಲಿ ಇಡಬೇಕೆಂದು ಒಂದು ಕ್ಷಣ ತಿಳಿಯದೆ ನಿಂತೆ. ಅವಳೇ ಕೈ ಚಾಚಿ ತೆಗೆದುಕೊಂಡಳು. ಎಣ್ಣೆಯಲ್ಲಿ ಅದ್ದಿ ಸುತ್ತಿಸಿದಳು. ಅದೇ ಸದ್ದು. ಕೆಳಗೆ ಯಾರೋ ಕಾರು ಹೊರಡಿಸುತ್ತಿದ್ದರು, ಅಜ್ಜಿ ಕೂತು ಒಲೆ ಊದುತ್ತಿದ್ದ ಜಾಗದಿಂದ.

"ಮುಂದಿನ ತಿಂಗಳು ಅಮ್ಮನ ತಿಥಿ," ಎಂದಳು ಅತ್ತೆ, ದೋಸೆಯ ಅಂಚು ಬಿಡಿಸುತ್ತ. "ಅಡುಗೆಯವರಿಗೆ ಬರಬೇಡಿ ಅಂತ ಹೇಳ್ಬಿಡು."

"ಸೊಂಟ ನೋವು?"

"ಹೋಯ್ತು," ಎಂದಳು. ಮೊದಲ ದೋಸೆಯನ್ನು ತಟ್ಟೆಗೆ ಹಾಕಿ, ನನಗೆ ಕೊಡದೆ, ಮದಾಮ್ ಇಡುತ್ತಿದ್ದಂತೆ ಬಟ್ಟೆ ಮುಚ್ಚಿ ಪಕ್ಕಕ್ಕಿಟ್ಟಳು.